ಮೆಟ್ಟಿಲ ಕೆಳಗಿನ ಜಾಗ

ಸೂಜಿ ಮತ್ತೆ ಮುರಿಯಿತು.

"ಮುರೀತಾ?" ಅಡುಗೆಮನೆಯಿಂದ ಅತ್ತೆ ಕೇಳಿದರು.

"ಹ್ಞೂಂ."

"ಅದಕ್ಕೇ ಬಡ್ಕೊಳ್ಳೋದು, ಆ ಹಾಳು ಬ್ಯಾಗುಗಳ ಸಹವಾಸ ಬೇಡ ಅಂತ. ಸೂಜಿಗೆ ಸುರಿಯೋ ದುಡ್ಡಲ್ಲಿ ಹೊಸ ಬ್ಯಾಗೇ ಬರತ್ತೆ."

ಅವಳು ಇಕ್ಕಳ ಹುಡುಕಿದಳು. ಪಟ್ಟಿಯೊಳಗೆ ಸಿಕ್ಕಿಕೊಂಡಿದ್ದ ಸೂಜಿಯ ತುದಿಯನ್ನು ಇಕ್ಕಳದಿಂದ ಎಳೆದು ತೆಗೆದು, ಹೊಸ ಸೂಜಿ ಹಾಕಿ ತಿರುಪು ಬಿಗಿ ಮಾಡಿದಳು. ಮೆಷಿನ್ನಿನ ತಪ್ಪೇನೂ ಇರಲಿಲ್ಲ. ಅಂಗಿ, ದಿಂಬಿನ ಕವರು, ಪರದೆ ಹೊಲಿಯಲೆಂದು ಮಾಡಿದ ಮೆಷಿನ್ ಅದು. ಅದರ ಬಾಯಿಗೆ ನಾಲ್ಕು ಮಡಿಕೆ ರೆಕ್ಸಿನ್ ತುರುಕಿದರೆ ಪಾಪ ಅದಾದರೂ ಏನು ಮಾಡೀತು?

ಅಡುಗೆಮನೆಗೂ ಬಚ್ಚಲಿಗೂ ನಡುವೆ ಓಣಿಯಂಥ ಒಂದು ಜಾಗವಿತ್ತು. ಮೆಷಿನ್ ಅಲ್ಲೇ. ಬಚ್ಚಲಿಗೆ ಹೋಗುವವರು "ಸ್ವಲ್ಪ ಸರಿ" ಎನ್ನಬೇಕು, ಅವಳು ಏಳಬೇಕು, ಕುರ್ಚಿ ಎತ್ತಬೇಕು, ಮತ್ತೆ ಕೂರಬೇಕು. ಕೆಲವು ವರ್ಷದ ಹಿಂದೆ ಮಗಳ ಶಾಲೆಯ ಬ್ಯಾಗಿನ ಪಟ್ಟಿ ಕಿತ್ತುಹೋದಾಗ ಅವಳು ಅಲ್ಲಿ ಕೂತು ಹೊಲಿದಿದ್ದಳು. ಅದನ್ನು ನೋಡಿದ ಪಕ್ಕದ ಮನೆಯವರು ತಮ್ಮದೊಂದು ತಂದರು, ಅವರ ಹಿಂದೆ ಮತ್ತೊಬ್ಬರು. ಈಗ ಬೀದಿಯಲ್ಲಿ ಅವಳ ಹೆಸರೇ ಬ್ಯಾಗಿನಕ್ಕ. ಜಿಪ್ಪು ಕಚ್ಚಿಕೊಂಡರೆ, ಸೂಟ್‌ಕೇಸಿನ ಹಿಡಿ ಕೈಗೆ ಬಂದರೆ, ಬಕಲ್ ಒಡೆದರೆ ಜನ ಅವಳ ಮನೆಯ ಬಾಗಿಲು ತಟ್ಟುತ್ತಿದ್ದರು.

ಅವತ್ತು ಅವಳಿಗೆ ಆತುರವಿತ್ತು. ಬಸ್‌ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಔಷಧಿ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗೆ ಒಂದು ಜಾಗ ಖಾಲಿ ಇತ್ತು. ಎದ್ದು ನಿಂತರೆ ತಲೆ ತಾಗುವಷ್ಟು ತಗ್ಗು. ಆದರೆ ಅವಳಿಗೆ ನಿಲ್ಲುವ ಕೆಲಸವೇನಿತ್ತು? ಕೂತು ಹೊಲಿಯಲು ಬೇಕಾದಷ್ಟಿತ್ತು. ಊರಿಗೆ ಹೊರಟವರ ಬ್ಯಾಗು ಕಿತ್ತುಹೋಗುವುದು ಸರಿಯಾಗಿ ಬಸ್ ಹತ್ತುವ ಹೊತ್ತಿಗೇ ಎಂಬುದು ಅವಳಿಗೆ ಗೊತ್ತಿತ್ತು. ಆ ಜಾಗಕ್ಕೆ ಅಡ್ವಾನ್ಸ್, ಜೊತೆಗೆ ಬ್ಯಾಗಿನ ಕಾರ್ಖಾನೆಯೊಂದು ಮಾರಲು ಇಟ್ಟಿದ್ದ ಹಳೆಯ ದಪ್ಪ ಮೆಷಿನ್. ಎರಡಕ್ಕೂ ಆಗುವಷ್ಟು ಉಳಿತಾಯ ಕೊನೆಗೂ ಬ್ಯಾಂಕಿನಲ್ಲಿ ಕೂಡಿತ್ತು. ಮನೆಖರ್ಚಿಗೆ ಕೊಡುವುದನ್ನು ಕೊಟ್ಟು, ಮಿಕ್ಕಿದ್ದನ್ನು ಚೂರುಚೂರೇ ಹಾಕುತ್ತ ಬಂದಿದ್ದಳು. ಮೂರು ವರ್ಷ ಹಿಡಿದಿತ್ತು.

ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಚೀಟಿ ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಚೀಟಿ ನೋಡಿದಳು.

"ಇಷ್ಟೊಂದಿಲ್ವಲ್ಲ ಮೇಡಂ."

"ಇದೆಯಮ್ಮ, ಸರಿಯಾಗಿ ನೋಡಿ."

"ನೋಡಿದೆ ಮೇಡಂ. ಹೋದ ವಾರ ಸರ್ ಬಂದು ತಗೊಂಡು ಹೋದ್ರಲ್ಲ. ನಿಮಗೆ ಹೇಳಿಲ್ವಾ?"

ಹುಡುಗಿಯ ಮಾತಿನಲ್ಲಿ ಕೊಂಕಿರಲಿಲ್ಲ. ಆದರೂ ಸಾಲಿನಲ್ಲಿ ಹಿಂದೆ ನಿಂತವರು ಕಿವಿ ನಿಮಿರಿಸಿದ್ದು ಅವಳಿಗೆ ಬೆನ್ನಲ್ಲೇ ತಿಳಿಯಿತು.

"ಹೌದಲ್ವಾ! ಹೇಳಿದ್ರು, ಹೇಳಿದ್ರು. ನಾನೇ ಮರೆತುಬಿಟ್ಟೆ ನೋಡಿ," ಎಂದು ನಕ್ಕು ಹೊರಗೆ ಬಂದಳು.

ದುಡ್ಡು ಹೋಗಿದ್ದಕ್ಕಿಂತ ಆ ನಗು ಅವಳನ್ನು ಹೆಚ್ಚು ಉರಿಸಿತು. ಗಂಡನ ಮಾನ ಮುಚ್ಚಲು ನಾಲಿಗೆ ಎಷ್ಟು ಬೇಗ ಸುಳ್ಳು ಹೆಣೆದುಬಿಟ್ಟಿತಲ್ಲ! ಖಾತೆ ತೆರೆಯಲು ಬಂದಾಗಲೂ ಹೀಗೇ ನಕ್ಕಿದ್ದಳು. "ಇಬ್ಬರ ಹೆಸರಲ್ಲೂ ಇರಲಿ ಮೇಡಂ, ಯಾರು ಬೇಕಾದ್ರೂ ತೆಗೀಬಹುದು, ಅನುಕೂಲ" ಎಂದಿದ್ದರು ಆಗ ಬ್ಯಾಂಕಿನವರು. ಹಾಕಿದವಳು ಅವಳೊಬ್ಬಳೇ. ಅನುಕೂಲ ಮಾತ್ರ ಇಬ್ಬರಿಗೂ.

ಔಷಧಿ ಅಂಗಡಿಯ ಮಾಲೀಕರದೇ ಆ ಮೆಟ್ಟಿಲ ಕೆಳಗಿನ ಜಾಗ, ಒಳ್ಳೆಯವರೇ. ಅವಳನ್ನು ಕಂಡು ಕನ್ನಡಕ ಹಣೆಗೇರಿಸಿದರು.

"ನಾಲ್ಕು ದಿನ ತಡೀತೀರಾ ಸಾರ್? ದುಡ್ಡು ಸ್ವಲ್ಪ ಹಿಂದೆಮುಂದೆ ಆಗಿದೆ."

"ಮೊಬೈಲ್ ಕವರ್ ಮಾರೋನು ಒಬ್ಬ ದಿನಾ ಬಂದು ತಲೆ ತಿಂತಿದಾನಮ್ಮ. ನಾನೆಷ್ಟು ದಿನ ಅಂತ ತಡೀಲಿ? ಒಂದು ಕೆಲಸ ಮಾಡಿ, ನಿಮ್ಮ ಯಜಮಾನ್ರನ್ನ ಕಳ್ಸಿ. ನಾವು ನಾವು ಕೂತು ಮಾತಾಡ್ಕೋತೀವಿ."

ನಾವು ನಾವು! ಅವಳಿಗೆ ಅಲ್ಲೇ ಕೂಗಿಬಿಡಬೇಕು ಎನಿಸಿತು. "ಆಗ್ಲಿ ಸಾರ್" ಎಂದು ಮನೆಗೆ ನಡೆದಳು.

ಅವಳ ಗಂಡ ಊರೊಳಗಿನ ಬಸ್ಸಿನ ಡ್ರೈವರ್. ಕುಡಿಯುವುದಿಲ್ಲ, ಸೇದುವುದಿಲ್ಲ, ಕೈಯೆತ್ತಿದವನಲ್ಲ. ಡಿಪೋದಲ್ಲಿ ಯಾರು ಏನು ಕೇಳಿದರೂ "ಆಗ್ಲಿ ಬಿಡು" ಎನ್ನುವುದು ಅವನ ಅಭ್ಯಾಸವಾಗಿ, ಅಲ್ಲಿ ಅವನಿಗೆ ಆಗ್ಲಿಬಿಡಣ್ಣ ಎಂದೇ ಹೆಸರು ಬಿದ್ದಿತ್ತು. ಮೊದಲ ಸಲ ಅವಳು ಕೂಡಿಟ್ಟಿದ್ದು ಅವನ ಸ್ನೇಹಿತನೊಬ್ಬನ ಆಪರೇಷನ್ನಿಗೆ ಹೋಗಿತ್ತು. ಎರಡನೆಯ ಸಲ ಚಾವಣಿ ಸೋರಿತೆಂದು ಹೋಯಿತು. ಆಗೆಲ್ಲ ಕೇಳಿದ್ದ, ಅವಳು ಕೊಟ್ಟಿದ್ದಳು. ಈ ಸಲ ಕೇಳುವ ಶ್ರಮವನ್ನೂ ಉಳಿಸಿದ್ದ.

ಸಂಜೆ ಅವನು ಬಂದು ಬೂಟು ಬಿಚ್ಚುವವರೆಗೂ ಅವಳು ಕಾದಳು.

"ಬ್ಯಾಂಕಿಗೆ ಹೋಗಿದ್ದೆ," ಎಂದಳು.

ಅವನ ಕೈ ಬೂಟಿನ ದಾರದ ಮೇಲೆ ನಿಂತಿತು. "ಹೇಳ್ಬೇಕು ಅಂತಾನೇ ಇದ್ದೆ ಕಣೇ. ತಂಗಿ ಗಂಡನ ವ್ಯಾನಿನ ಇಂಜಿನ್ ಹೋಯ್ತು. ವ್ಯಾನ್ ಓಡದಿದ್ರೆ ಅವರ ಮನೇಲಿ ಒಲೆ ಉರಿಯಲ್ಲ. ಬಂದು ಕಣ್ಣೀರು ಹಾಕಿದ. ಏನು ಮಾಡ್ಲಿ ಹೇಳು?"

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೆ ನೀನು ಕೊಡ್ತಿದ್ದೆ ಅಂತ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಅವಳು ಪಾಸ್‌ಬುಕ್ಕನ್ನು ಅವನ ಮುಂದಿಟ್ಟಳು. 

"ಇವತ್ತು ನಾನು ಅಡ್ವಾನ್ಸ್ ಕೊಡೋದಿತ್ತು. ನಿಮಗೆ ಗೊತ್ತಿತ್ತು."

"ಮೆಟ್ಟಿಲು ಎಲ್ಲಿಗೆ ಓಡಿಹೋಗತ್ತೆ? ಆರು ತಿಂಗಳು ತಡವಾಗತ್ತೆ ಅಷ್ಟೇ. ನಾನೇನು ಕುಡಿದು ಹಾಳು ಮಾಡಿದ್ನಾ? ಇಸ್ಪೀಟಾಡಿದ್ನಾ?"

"ಕುಡಿದಿದ್ರೆ ಚೆನ್ನಾಗಿರ್ತಿತ್ತು ಕಣ್ರೀ," ಅವಳ ದನಿ ಏರಿತು. "ಬೀದಿಯೋರೆಲ್ಲ ನನ್ನ ಕಡೆ ಇರ್ತಿದ್ರು. ಈಗ ನಾನು ಬಾಯಿ ಬಿಟ್ರೆ ನಾನೇ ಕೆಟ್ಟೋಳು. ನೀವು ದೇವರಂಥೋರು, ನಾನು ದುಡ್ಡಿನ ಪಿಶಾಚಿ."

ಅತ್ತೆ ಬಾಗಿಲಿಗೆ ಬಂದು ನಿಂತರು. "ಅಷ್ಟಕ್ಕೆಲ್ಲ ಇಷ್ಟು ಕೂಗಾಟವಾ? ಮನೆ ದುಡ್ಡು ಮನೆಯೋರಿಗೇ ಹೋಯ್ತು. ಹೊರಗಿನೋರಿಗೇನೂ ಹೋಗ್ಲಿಲ್ವಲ್ಲ."

"ಅವರ ಸಂಬಳ ಬಂದಾಗ ಅದು ಅವರ ಸಂಬಳ, ಅತ್ತೆ. ನಾನು ಹೊಲಿದಿದ್ದು ಮಾತ್ರ ಮನೆ ದುಡ್ಡು ಹೇಗಾಗತ್ತೆ?"

"ನಮ್ಮ ಕಾಲದಲ್ಲಿ ನಂದು ನಿಂದು ಅಂತ ಇರ್ಲೇ ಇಲ್ಲಮ್ಮ."

"ನಿಮ್ಮ ಕೈಲಿ ಏನೂ ಇರ್ಲಿಲ್ಲ ಅತ್ತೆ, ಅದಕ್ಕೆ."

ಅತ್ತೆ ಮುಖ ಗಂಟು ಹಾಕಿಕೊಂಡು ಒಳಗೆ ಹೋದರು. ಅಷ್ಟು ಹೇಳಬಾರದಿತ್ತು ಎಂದು ಅವಳಿಗೆ ಅನಿಸಿತು. ಹೇಳಿದ್ದು ಸುಳ್ಳಲ್ಲ ಎಂದೂ ಅನಿಸಿತು. ಗಂಡ ಬೂಟುಗಳನ್ನು ಮೂಲೆಗೆ ಜೋಡಿಸಿಟ್ಟು, "ನಾನು ಕಳ್ಳ ಅಂತ ಹೇಳ್ಬಿಡು ಹಾಗಾದ್ರೆ" ಎಂದು ಊಟಕ್ಕೂ ಕೂರದೆ ಮಲಗಿದ. ನೊಂದವನು ಅವನೇ ಎಂಬಂತಿತ್ತು. ಸಿಟ್ಟು ಮಾಡುವ ಹಕ್ಕನ್ನೂ ಅವನೇ ಎತ್ತಿಕೊಂಡು ಹೋಗಿದ್ದ.

ಮರುದಿನ ಅವಳು ನಾದಿನಿಯ ಮನೆಗೆ ಹೋದಳು. ನಾದಿನಿ ಬಟ್ಟೆ ಒಣಹಾಕುತ್ತಿದ್ದಳು. ಅತ್ತಿಗೆಯನ್ನು ಕಂಡು ಮುಖವರಳಿಸಿ, ಒದ್ದೆ ಕೈ ಒರೆಸಿಕೊಂಡು ಒಳಗೆ ಕರೆದಳು.

"ಅಣ್ಣನಂಥೋರು ಸಿಗಲ್ಲ ಅತ್ತಿಗೆ," ಎಂದಳು ಚಹಾ ಇಡುತ್ತ. "ಇವರು ಇನ್ನೂ ಪೂರ್ತಿ ಬಾಯಿ ಬಿಟ್ಟಿರ್ಲಿಲ್ಲವಂತೆ. 'ನನ್ನ ಹತ್ರ ಸ್ವಲ್ಪ ಉಳಿಸಿಟ್ಟಿದೀನಿ, ತಗೊಂಡು ಹೋಗು' ಅಂದ್ನಂತೆ. ಡ್ರೈವರ್ ಸಂಬಳದಲ್ಲಿ ಅದು ಹೇಗೆ ಅಷ್ಟು ಉಳಿಸಿದ್ನೋ!"

ಲೋಟ ಕೈಯಲ್ಲಿ ಬಿಸಿಯಾಗಿತ್ತು. ಅವಳು ಅದನ್ನು ಕೆಳಗಿಡಲೂ ಮರೆತಳು. ದುಡ್ಡು ಹೋಗಿತ್ತು, ಜಾಗ ಹೋಗುವುದರಲ್ಲಿತ್ತು. ಈಗ ಅದರ ಹೆಸರೂ ಹೋಗಿತ್ತು. ಸೂಜಿ ಚುಚ್ಚಿಸಿಕೊಂಡ ಬೆರಳು ಅವಳದು, ಕೃತಜ್ಞತೆ ಅವನಿಗೆ.

"ಅದು ನಿಮ್ಮಣ್ಣ ಉಳಿಸಿದ್ದಲ್ಲ," ಎಂದಳು. "ನಾನು ಬ್ಯಾಗು ಹೊಲಿದು ಉಳಿಸಿದ್ದು. ಅಂಗಡಿ ಮಾಡೋಕೆ ಇಟ್ಟಿದ್ದೆ. ನಿನ್ನೆ ಬ್ಯಾಂಕಿಗೆ ಹೋದಾಗಲೇ ನನಗೆ ಗೊತ್ತಾಗಿದ್ದು."

ನಾದಿನಿಯ ಮುಖದ ಬಣ್ಣ ಇಳಿಯಿತು. ಮೊದಲು ಅವಮಾನ, ಆಮೇಲೆ ಸಿಟ್ಟು. "ಹಾಗಾದ್ರೆ ವಾಪಸ್ ಕೇಳೋಕೆ ಬಂದ್ರಾ? ಇಂಜಿನ್ ಆಗ್ಲೇ ಬಿಚ್ಚಿ ಹಾಕಿದಾರೆ. ಎಲ್ಲಿಂದ ತರ್ಲಿ?"

"ಇವತ್ತೇ ಕೊಡು ಅಂತ ಬಂದಿಲ್ಲ. ಯಾರ ದುಡ್ಡು ಅಂತ ನಿನಗೆ ಗೊತ್ತಿರ್ಲಿ ಅಂತ ಬಂದೆ."

ನಾದಿನಿ ಸೆರಗಿನ ಅಂಚು ಸುತ್ತುತ್ತ ಕೂತಳು.  ಅವಳು ಚಹಾ ಮುಗಿಸದೆ ಎದ್ದು ಬಂದಳು.

ಜಾಗ ಮೊಬೈಲ್ ಕವರಿನವನ ಪಾಲಾಯಿತು. ಬಸ್‌ ನಿಲ್ದಾಣದ ಕಡೆ ಹೋದಾಗೆಲ್ಲ ಮೆಟ್ಟಿಲ ಕೆಳಗೆ ಬಣ್ಣಬಣ್ಣದ ಕವರುಗಳು ನೇತಾಡುವುದು ಕಾಣುತ್ತಿತ್ತು. ಅವಳು ರಸ್ತೆಯ ಆಚೆ ಬದಿಯಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡಳು. ಕಾರ್ಖಾನೆಯವರು ಮೆಷಿನ್ನನ್ನು ಬೇರೆ ಯಾರಿಗೋ ಮಾರಿದರು.

ಹೊಲಿಗೆ ಬಿಟ್ಟುಬಿಡೋಣ ಎಂದು ಕೆಲವು ದಿನ ಅನಿಸಿದ್ದುಂಟು. ಮತ್ತೆ ಕೂಡಿಡುವುದು, ಮತ್ತೆ ಯಾರದೋ ಇಂಜಿನ್ ಹೋಗುವುದು. ಯಾಕೆ ಬೇಕು? ಆದರೆ ಬಾಗಿಲು ತಟ್ಟುವವರು ತಟ್ಟುತ್ತಲೇ ಇದ್ದರು. ಒಂದು ಬೆಳಿಗ್ಗೆ ಅವಳು ಮೆಷಿನ್ ಮುಚ್ಚಿ, ದೂರದ ಬೀದಿಯ ಬೇರೊಂದು ಬ್ಯಾಂಕಿಗೆ ಹೋದಳು.

"ಜಂಟಿ ಖಾತೆ ಮಾಡೋಣ್ವಾ ಮೇಡಂ? ಅನುಕೂಲ," ಎಂದ ಅಲ್ಲಿನ ಗುಮಾಸ್ತ.

"ಅನುಕೂಲ ಆಗಿ ಸಾಕಾಗಿದೆ. ಒಂದೇ ಹೆಸರು ಹಾಕಿ."

ಸಂಜೆ ಗಂಡ ಬಂದೊಡನೆ ಅದನ್ನೇ ಹೇಳಿದಳು. "ಕದ್ದುಮುಚ್ಚಿ ಮಾಡ್ತಿಲ್ಲ, ಹೇಳಿಯೇ ಮಾಡ್ತಿದೀನಿ. ಮನೆಗೆ ಕೊಡೋದನ್ನ ಕೊಟ್ಟೇ ಕೊಡ್ತೀನಿ. ಮಿಕ್ಕಿದ್ದು ನಂದು. ಅದರ ಮೇಲೆ ಯಾರಿಗೂ ಮಾತು ಕೊಡ್ಬೇಡಿ."

"ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ."

"ನಿಮ್ಮ ಮೇಲಿದೆ. ನಿಮ್ಮ 'ಆಗ್ಲಿ ಬಿಡು' ಮೇಲಿಲ್ಲ."

ಅವನಿಗೆ ನಗು ಬರಬಹುದಿತ್ತು, ಬರಲಿಲ್ಲ. ಹಲವು ವಾರ ಇಬ್ಬರ ನಡುವೆ "ಊಟ ಆಯ್ತಾ", "ಹ್ಞೂಂ" ಇಷ್ಟೇ ಮಾತು. ಅತ್ತೆ ಬಂದುಹೋಗುವವರ ಮುಂದೆಲ್ಲ ಸೊಸೆ ಬೇರೆ ಖಾತೆ ಮಾಡಿಸಿದ್ದನ್ನು ಬೇರೆ ಮನೆ ಮಾಡಿದಳೇನೋ ಎಂಬಂತೆ ಹೇಳಿಕೊಂಡರು. ಅಷ್ಟು ಸಾಲದೆಂಬಂತೆ ಅವಳು ಇನ್ನೊಂದು ಕೆಲಸ ಶುರು ಮಾಡಿದಳು. ಇದುವರೆಗೆ ನೆಂಟರಿಷ್ಟರ ಬ್ಯಾಗುಗಳನ್ನು ಪುಕ್ಕಟೆ ಹೊಲಿದುಕೊಡುತ್ತಿದ್ದಳು. "ನಿನಗೇನು, ಎರಡು ನಿಮಿಷದ ಕೆಲಸ" ಎನ್ನುತ್ತ ತಂದಿಡುವವರಿಗೆ ಈಗ ನಗುತ್ತಲೇ ಬೆಲೆ ಹೇಳತೊಡಗಿದಳು. ಕೆಲವರು ಕೊಟ್ಟರು. ಕೆಲವರು ಬ್ಯಾಗು ವಾಪಸ್ ತೆಗೆದುಕೊಂಡು, ಅದರ ಜೊತೆಗೆ ಮಾತನ್ನೂ ನಿಲ್ಲಿಸಿದರು. ಅವರು ಹೋದ ಮೇಲೆ ಅವಳು ಅದೇ ಬೆಲೆಯನ್ನು ಒಬ್ಬಳೇ ಮತ್ತೊಮ್ಮೆ ಹೇಳಿ ನೋಡುತ್ತಿದ್ದಳು. ಇಷ್ಟು ಚಿಕ್ಕ ಮಾತಿಗೆ ಇಷ್ಟೊಂದು ಧೈರ್ಯ ಬೇಕಾಗುವುದೇ ಅವಳಿಗೆ ಕಿರಿಕಿರಿ.

ಹೀಗಿರುವಾಗ ಒಂದು ರಜೆಯ ಮಧ್ಯಾಹ್ನ ನಾದಿನಿ ಬಂದಳು. ಎಲ್ಲರೂ ಮನೆಯಲ್ಲಿದ್ದರು. ಅವಳು ಚೀಲದಿಂದ ಕವರೊಂದನ್ನು ತೆಗೆದು, "ವ್ಯಾನ್ ಓಡ್ತಿದೆ ಈಗ. ಪೂರ್ತಿ ಇಲ್ಲ, ಸ್ವಲ್ಪ ತಂದಿದೀನಿ" ಎಂದಳು.

ಗಂಡ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೈ ಬೀಸಿದ. "ಏನವಸರ? ಇಟ್ಕೋ ಇಟ್ಕೋ. ನಾನೇನು ಕೇಳಿದ್ನಾ? ಆಗ್ಲಿ ಬಿಡು."

ಬಚ್ಚಲ ಓಣಿಯಲ್ಲಿ ಮೆಷಿನ್ನಿನ ಮುಂದೆ ಕೂತಿದ್ದ ಅವಳ ಮೈಯೆಲ್ಲ ಬೆಂಕಿಯಾಯಿತು. ಇಷ್ಟೆಲ್ಲ ಆದ ಮೇಲೂ! ಇಷ್ಟು ವಾರಗಳ ಮೌನದಲ್ಲಿ ಇವನ ಕಿವಿಗೆ ಏನೂ ಬಿದ್ದಿಲ್ಲವೇ? ಅವಳು ಎದ್ದೇಬಿಟ್ಟಳು. ಆದರೆ ಅವಳು ಬಾಯಿ ತೆರೆಯುವ ಮೊದಲೇ ನಾದಿನಿ ಹೇಳಿದಳು:

"ಅಣ್ಣ, ಇದು ನಿನಗೆ ತಂದಿದ್ದಲ್ಲ. ಅತ್ತಿಗೆಗೆ."

ಓಣಿಗೆ ಬಂದು ಕವರನ್ನು ಅವಳ ಕೈಯಲ್ಲೇ ಇಟ್ಟಳು. "ನಿಮ್ಮದು ಅಂತ ಮೊದಲೇ ಗೊತ್ತಿದ್ರೆ ನಿಮ್ಮನ್ನೇ ಕೇಳ್ತಿದ್ದೆ ಅತ್ತಿಗೆ. ನೀವು ಇಲ್ಲ ಅಂದಿದ್ರೆ ಬೇಜಾರಾಗ್ತಿತ್ತು, ನಿಜ. ಆದ್ರೂ ಗೊತ್ತಿಲ್ದೆ ತಗೊಂಡಿದ್ದು ಅದಕ್ಕಿಂತ ಹಿಂಸೆ. ಬಾಕಿ ತಿಂಗಳು ತಿಂಗಳು ಕೊಡ್ತೀನಿ." ಆಮೇಲೆ ಅಣ್ಣನ ಕಡೆ ತಿರುಗಿ, "ನೀನು ಉಳಿಸಿದ್ದು ಅಂತ ಯಾಕಣ್ಣ ಹೇಳ್ದೆ?" ಎಂದು ಕೇಳಿದಳು.

ಅವನು ತಾಯಿಯ ಮುಖ ನೋಡಿದ. ಅತ್ತೆಯೂ ಅವನ ಮುಖವನ್ನೇ ನೋಡುತ್ತಿದ್ದರು. "ಹಾಗಂದ್ಯಾ?" ಎಂದರು ಅವರು ಮೆಲ್ಲಗೆ. ಅವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವನು ಎದ್ದು ಹೊರಗೆ ಹೋದ. ಅವತ್ತು ಸಂಜೆ ಅತ್ತೆ ಬಚ್ಚಲಿಗೆ ಹೋಗುವಾಗ "ಸ್ವಲ್ಪ ಸರಿ" ಎನ್ನಲಿಲ್ಲ. ಅವಳು ಆ ಸಾಲು ಹೊಲಿದು ಮುಗಿಸುವವರೆಗೆ ಗೋಡೆಗೆ ಒರಗಿ ನಿಂತಿದ್ದರು.

ಮೊಬೈಲ್ ಕವರಿನವನ ವ್ಯಾಪಾರ ಮುಂದಿನ ವರ್ಷ ಮಕಾಡೆ ಮಲಗಿತು. ಔಷಧಿ ಅಂಗಡಿಯ ಮಾಲೀಕರೇ ಹೇಳಿ ಕಳಿಸಿದರು. ಅವಳು ಹೋದಳು. ಅವರು ಅವಳ ಹಿಂದೆ ಬಾಗಿಲ ಕಡೆ ಕಣ್ಣು ಹಾಯಿಸಿದರು.

"ಮನೆಯವರು?"

"ಮನೇಲಿದಾರೆ ಸಾರ್. ಬಾಡಿಗೆ ಎಷ್ಟು ಕಮ್ಮಿ ಮಾಡ್ತೀರಿ ಹೇಳಿ. ಮಳೆ ಬಂದ್ರೆ ಆ ಮೂಲೆ ತೊಟ್ಟಿಕ್ಕತ್ತೆ, ನಾನು ನೋಡಿದೀನಿ."

ಅವರು ತಬ್ಬಿಬ್ಬಾಗಿ ಸ್ವಲ್ಪ ಇಳಿಸಿದರು. ಅಷ್ಟು ಸಾಲದು ಎಂದು ಅವಳು ಹೇಳಿದಾಗ ಮತ್ತೂ ಸ್ವಲ್ಪ ಇಳಿಸಿದರು.

ಮೊದಲಿನ ಮೆಷಿನ್ನಿನಂಥದು ಸಿಗಲಿಲ್ಲ. ಸಿಕ್ಕಿದ್ದು ಅದಕ್ಕಿಂತ ಹಳೆಯದು, ಅರ್ಧ ದುಡ್ಡು ಕೊಟ್ಟು ಮಿಕ್ಕಿದ್ದಕ್ಕೆ ಕಂತು. ಓಡುವಾಗ ಬಸ್ಸಿನಂತೆ ಗದಗದ ಎನ್ನುತ್ತಿತ್ತು. ಆದರೆ ಆರು ಮಡಿಕೆ ಕೊಟ್ಟರೂ ಸೂಜಿ ಮುರಿಯುತ್ತಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಬಾಡಿಗೆಗೂ ಕಂತಿಗೂ ಸರಿಹೋಗಿ ಕೈಯಲ್ಲಿ ಏನೂ ಉಳಿಯಲಿಲ್ಲ. ಮನೆಗೆ ಕೊಡುವುದರಲ್ಲೂ ಒಂದು ತಿಂಗಳು ಕಡಿಮೆ ಬಿತ್ತು. ಅದನ್ನು ಗಂಡ ಏನೂ ಹೇಳದೆ ತನ್ನ ಸಂಬಳದಿಂದ ತುಂಬಿದ. ಅವನು ಏನೂ ಹೇಳಲಿಲ್ಲ ಎಂಬುದನ್ನು ಅವಳು ಗಮನಿಸಿದಳು. ಆದರೂ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. ಅಷ್ಟು ಸುಲಭಕ್ಕೆ ಆಗುವಂಥದ್ದಲ್ಲ ಅದು.

ವಾರದ ರಜೆಯಲ್ಲಿ ಅವನು ಅಂಗಡಿಯ ಕಡೆ ಬರತೊಡಗಿದ. ಕರೆಯದೆ ಬಂದು, ಸ್ಟೂಲಿನ ಮೇಲೆ ಕೂತು, ಜಿಪ್ಪುಗಳಿಗೆ ಎಳೆಯುವ ಹಿಡಿ, ಅಂದರೆ ರನ್ನರ್, ಏರಿಸಿಕೊಡುತ್ತಿದ್ದ. ನಾಲ್ಕರಲ್ಲಿ ಒಂದು ತಲೆಕೆಳಗಾಗಿರುತ್ತಿತ್ತು. ಅವಳು ಅದನ್ನು ಬಿಚ್ಚಿ ಮತ್ತೆ ಅವನ ಮುಂದಿಡುತ್ತಿದ್ದಳು.

ಅಂಥ ಒಂದು ದಿನ ಅವನ ಬಸ್ಸಿನ ಕಂಡಕ್ಟರ್ ಬಂದ. ಬಗ್ಗಿ ಮೆಟ್ಟಿಲ ಕೆಳಗೆ ತಲೆ ತೂರಿಸಿ, ಅದೂ ಇದೂ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ. ಹಳೆಯ ಟಿವಿ ಕೊಟ್ಟು ದೊಡ್ಡದು ತಗೊಳ್ಳುತ್ತಿದ್ದಾನಂತೆ, ಸ್ವಲ್ಪ ಕಮ್ಮಿ ಬಿದ್ದಿದೆಯಂತೆ.

"ನಿನ್ನ ಬಾಯಲ್ಲಿ ಇಲ್ಲ ಅನ್ನೋದು ಬಂದಿದ್ದೇ ಇಲ್ಲವಲ್ಲ ಅಣ್ಣ. ಈಗಂತೂ ಅಂಗಡಿ ಬೇರೆ," ಎಂದು ಮೇಜಿನ ಖಾನೆಯ ಕಡೆ ನೋಡಿ ನಕ್ಕ.

ಅವಳ ಕಾಲು ಪೆಡಲಿನ ಮೇಲೆ ನಿಂತಿತು. ಬಗ್ಗಿಸಿದ ತಲೆ ಎತ್ತಲಿಲ್ಲ. ಈಗ 'ಆಗ್ಲಿ ಬಿಡು' ಬರುತ್ತದೆ, ಎಂದುಕೊಂಡಳು. 

ಗಂಡ ಕೈಯಲ್ಲಿದ್ದ ರನ್ನರನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಕಿವಿ ಕೆಂಪಾಗಿತ್ತು.

"ನನ್ನ ಹತ್ರ ಇಲ್ಲ ಕಣಯ್ಯ," ಎಂದ.

"ತಮಾಷೆ ಮಾಡ್ಬೇಡ ಅಣ್ಣ."

"ತಮಾಷೆ ಅಲ್ಲ. ನನ್ನ ಹತ್ರ ಯಾವಾಗ್ಲೂ ಇರ್ಲಿಲ್ಲ. ನಾನು ಕೊಡ್ತಿದ್ದಿದ್ದು ಇವಳದ್ದು. ಬೇಕಾದ್ರೆ ಇವಳನ್ನೇ ಕೇಳು. ಇವಳು ಇಲ್ಲ ಅಂದ್ರೆ ಇಲ್ಲ."

ಕಂಡಕ್ಟರ್ ಅವಳ ಕಡೆ ತಿರುಗಿದ. ಗಂಡಸರೊಡನೆ ಆಡಿದ ಸಲೀಸು ಮಾತು ಈಗ ಅವನ ಬಾಯಿಗೆ ಬರಲಿಲ್ಲ. "ಅಕ್ಕ, ಅದು... ಸ್ವಲ್ಪ..."

"ಯಾವಾಗ ವಾಪಸ್ ಕೊಡ್ತೀರಿ?" ಎಂದು ಕೇಳಿದಳು ಅವಳು.

ಅವನು ಕಣ್ಣು ಕಣ್ಣು ಬಿಟ್ಟ. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಅದು ನೋಡ್ಬೇಕಕ್ಕ..."

"ನೋಡಿ. ಈಗಂತೂ ಆಗಲ್ಲಣ್ಣ, ಮೆಷಿನ್ನಿನ ಕಂತು ಇದೆ. ಬೇಜಾರು ಮಾಡ್ಕೋಬೇಡಿ."

ಹೇಳಿ ಮುಗಿಸಿ ಮತ್ತೆ ಪೆಡಲ್ ಒತ್ತಿದಳು.  ಕಂಡಕ್ಟರ್ "ಸರಿ ಅಕ್ಕ" ಎಂದು ಹಿಂದಕ್ಕೆ ಸರಿಯುವಾಗ ಮೆಟ್ಟಿಲಿಗೆ ತಲೆ ತಾಗಿಸಿಕೊಂಡು ಹೋದ.

"ಡಿಪೋದಲ್ಲೆಲ್ಲ ಹೇಳ್ಕೊಂಡು ಬರ್ತಾನೆ," ಎಂದ ಗಂಡ.

"ಹೇಳ್ಲಿ."

ಅವನು ಉಸಿರುಬಿಟ್ಟು ಇನ್ನೊಂದು ಜಿಪ್ಪು ಕೈಗೆತ್ತಿಕೊಂಡ. ಅಷ್ಟರಲ್ಲಿ ವಯಸ್ಸಾದವರೊಬ್ಬರು ಕುಂಟು ಚಕ್ರದ ಸೂಟ್‌ಕೇಸನ್ನು ಎಳೆದುಕೊಂಡು ಬಂದರು. ಗದಗದ ಎನ್ನುವ ಮೆಷಿನ್ನನ್ನೂ ಅದರ ಹಿಂದೆ ಕೂತ ಅವಳನ್ನೂ ದಾಟಿ, ಅವರ ಕಣ್ಣು ನೇರ ಸ್ಟೂಲಿನ ಮೇಲಿದ್ದ ಅವನ ಮೇಲೆ ಹೋಗಿ ನಿಂತಿತು.

"ಯಜಮಾನ್ರೆ, ಈ ಚಕ್ರ ಹಾಕೋಕೆ ಏನು ತಗೋತೀರಿ?"

ಅವನು ಸ್ಟೂಲಿನಿಂದ ಎದ್ದು, ತಲೆ ತಗ್ಗಿಸಿ, ಬದಿಗೆ ಸರಿದು ನಿಂತ.

"ನನಗೆ ಗೊತ್ತಾಗಲ್ಲ ಸಾರ್. ಅಂಗಡಿ ಅವರದ್ದು. ಅವರನ್ನ ಕೇಳಿ."

ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು 'ಅವರು' ಎಂದಿದ್ದು ಅದೇ ಮೊದಲು. ಅವಳು ತಲೆ ಎತ್ತಿ ಅವನನ್ನೊಮ್ಮೆ ನೋಡಿದಳು. ಆಮೇಲೆ ಕೈ ಚಾಚಿ ಸೂಟ್‌ಕೇಸನ್ನು ತನ್ನ ಕಡೆ ಎಳೆದುಕೊಂಡು, ಮಗುಚಿ ಹಾಕಿ, ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡತೊಡಗಿದಳು.